ಗೋಲ್ಡ್ ಫಿಶ್, ಏಂಜಲ್, ಟೈಗರ್ ಬಾರ್ಬ್ ಒಂದೇ ಟ್ಯಾಂಕಿನಲ್ಲಿ: ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ವಾಪಸ್ ಕೊಡಲಿ?

ತುಂಗೆದಂಡೆ, ಶಿವಮೊಗ್ಗ:

ಎಲ್ಲರಿಗೂ ನಮಸ್ಕಾರ. ಮಗಳ ಬೇಸಿಗೆ ರಜೆಯಲ್ಲಿ ಮನೆಗೆ ಅಕ್ವೇರಿಯಂ ತಂದೆವು. 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರ. ಒಳಗೆ ಕೂರಿಸುವ ಸ್ಪಂಜ್ ಫಿಲ್ಟರ್ ಇದೆ, ಹೀಟರ್ ಇಲ್ಲ. ನೀರು ನಲ್ಲಿಯದು, ಅಂದರೆ ತುಂಗೆಯದೇ. ಮೀನುಗಳು ಹೀಗಿವೆ: ಒರಾಂಡಾ ಗೋಲ್ಡ್ ಫಿಶ್ ಎರಡು, ಏಂಜಲ್ ಎರಡು, ಟೈಗರ್ ಬಾರ್ಬ್ ನಾಲ್ಕು, ಶಾರ್ಕ್ ಅಂತ ಹೇಳಿ ಕೊಟ್ಟ ಬೂದು ಬಣ್ಣದ ಮೀನು ಎರಡು, ಗಾಜಿಗೆ ಅಂಟಿಕೊಂಡಿರುವ ಸಕ್ಕರ್ ಒಂದು. ಎಲ್ಲ ಒಂದೇ ಅಂಗಡಿಯಲ್ಲಿ ತಂದಿದ್ದು. ಇವೆಲ್ಲ ಜೊತೆಗೇ ಇರುತ್ತವೆ, ಏನೂ ತೊಂದರೆ ಇಲ್ಲ ಅಂದಿದ್ದರು.

ಮೊದಲ ಕೆಲವು ವಾರ ಚೆನ್ನಾಗಿಯೇ ಇತ್ತು. ಈಗ ಏಂಜಲ್‌ಗೆ ಹೊಟ್ಟೆಯ ಕೆಳಗೆ ಎರಡು ಉದ್ದ ದಾರದ ತರಹ ಇರುತ್ತದಲ್ಲ, ಅದು ಒಂದರಲ್ಲಿ ಅರ್ಧಕ್ಕೆ ತುಂಡಾಗಿದೆ, ಇನ್ನೊಂದರಲ್ಲಿ ಇಲ್ಲವೇ ಇಲ್ಲ. ಒರಾಂಡಾದ ಬಾಲ ಅಂಚಿನಲ್ಲಿ ಹರಿದಿದೆ. ರಾತ್ರಿ ಲೈಟ್ ಆರಿಸಿದ ಮೇಲೆ ಮೊಬೈಲ್ ಬೆಳಕಲ್ಲಿ ನೋಡಿದರೆ ಸಕ್ಕರ್ ಹೋಗಿ ಗೋಲ್ಡ್ ಫಿಶ್ ಪಕ್ಕೆಗೆ ಅಂಟಿಕೊಂಡಿರುತ್ತದೆ, ಅದು ಕೊಡವಿಕೊಂಡು ಓಡುತ್ತದೆ, ಇದು ಮತ್ತೆ ಹಿಂದೆ ಹೋಗುತ್ತದೆ. ಶಾರ್ಕ್ ಎರಡೂ ಯಾರಾದರೂ ಹತ್ತಿರ ಹೋದರೆ ಸಾಕು, ಗಾಜಿಗೆ ಢೀ ಅಂತ ಮೂತಿ ಹೊಡೆದುಕೊಳ್ಳುತ್ತವೆ. ನೀರು ಬದಲಿಸಿ ಎರಡು ದಿನಕ್ಕೆ ಮತ್ತೆ ಹಾಲು ಹಾಕಿದ ಹಾಗೆ ಮಂಜಾಗುತ್ತದೆ.

ಜಗಳ ಮಾಡುತ್ತಿರುವುದು ಯಾವ ಮೀನು? ಅದೊಂದನ್ನು ತೆಗೆದರೆ ಸರಿಹೋಗುತ್ತದಾ? ಬೇಡವಾದದ್ದನ್ನು ಹೊಳೆಗೆ ಬಿಟ್ಟುಬಿಡಿ, ಪುಣ್ಯ ಬರುತ್ತದೆ ಅಂತ ನಮ್ಮ ಅತ್ತೆ ಹೇಳುತ್ತಿದ್ದಾರೆ. ಹಾಗೆ ಮಾಡಬಹುದಾ? ಗೊತ್ತಿರುವವರು ದಯವಿಟ್ಟು ಹೇಳಿ. ಮಗಳಿಗೆ ಗೋಲ್ಡ್ ಫಿಶ್ ಅಂದರೆ ಪ್ರಾಣ.


ಗಾಜಿನಮನೆ, ಬೆಂಗಳೂರು:

ಬೇರೆ ಎಲ್ಲಕ್ಕಿಂತ ಮೊದಲು ಇವತ್ತು ರಾತ್ರಿಯೇ ಒಂದು ಕೆಲಸ ಮಾಡಿ. ಟ್ಯಾಂಕಿನ ಮಧ್ಯೆ ತೂತು ತೂತಿನ ಪ್ಲಾಸ್ಟಿಕ್ ಜಾಲರಿ ನಿಲ್ಲಿಸಿ. ಒಂದು ಕಡೆ ಏಂಜಲ್ ಮತ್ತು ಗೋಲ್ಡ್, ಇನ್ನೊಂದು ಕಡೆ ಬಾರ್ಬ್, ಶಾರ್ಕ್, ಸಕ್ಕರ್. ಹಾರ್ಡ್‌ವೇರ್ ಅಂಗಡಿಯಲ್ಲಿ ಗಟ್ಟಿ ಪ್ಲಾಸ್ಟಿಕ್ ಮೆಶ್ ಸಿಗುತ್ತದೆ, ಟ್ಯಾಂಕಿನ ಅಗಲಕ್ಕಿಂತ ಸ್ವಲ್ಪ ಜಾಸ್ತಿ ಕತ್ತರಿಸಿ ಬಗ್ಗಿಸಿ ಕೂರಿಸಿದರೆ ತಾನೇ ನಿಲ್ಲುತ್ತದೆ. ಕೆಳಗೆ ಜಲ್ಲಿಯೊಳಗೆ ಚೆನ್ನಾಗಿ ಇಳಿಸಿ, ಇಲ್ಲವಾದರೆ ಬಾರ್ಬ್ ಸಂದಿಯಲ್ಲಿ ನುಸುಳಿ ಬರುತ್ತದೆ. ಉಳಿದದ್ದು ನಿಧಾನಕ್ಕೆ ಯೋಚಿಸೋಣ.

ನಿಮ್ಮ ಪ್ರಶ್ನೆಗೆ ಉತ್ತರ: ರೆಕ್ಕೆ ಕಚ್ಚುತ್ತಿರುವುದು ಟೈಗರ್ ಬಾರ್ಬ್. ಅದರಲ್ಲಿ ನನಗೆ ಅನುಮಾನವೇ ಇಲ್ಲ. ಆದರೆ ಬಾರ್ಬ್ ಒಂದನ್ನು ತೆಗೆದರೆ ಟ್ಯಾಂಕ್ ಸರಿಹೋಗುವುದಿಲ್ಲ. ಜೊತೆಗೆ ಇಡಬಹುದಾ ಅಂತ ಕೇಳಿದಾಗ ಎಲ್ಲರೂ ಜಗಳ ಮಾಡುತ್ತವಾ ಅಂತ ಮಾತ್ರ ನೋಡುತ್ತಾರೆ. ಅದಕ್ಕಿಂತ ಮೊದಲು ನೋಡಬೇಕಾದ್ದು, ಒಂದೇ ನೀರು ಎಲ್ಲಕ್ಕೂ ಒಗ್ಗುತ್ತದಾ, ಬೆಳೆದ ಮೇಲೆ ಎಷ್ಟು ದೊಡ್ಡದಾಗುತ್ತವೆ, ಒಂದರ ಬಾಯಿಗೆ ಇನ್ನೊಂದು ಹಿಡಿಸುತ್ತದಾ. ನಿಮ್ಮ ಹನ್ನೊಂದು ಮೀನುಗಳಲ್ಲಿ ಐದು ಜಾತಿ ಇವೆ, ಐದಕ್ಕೂ ಬೇಕಾದ್ದು ಬೇರೆ ಬೇರೆ.

ಗೋಲ್ಡ್ ಫಿಶ್ ಕಾರ್ಪ್ ಕುಟುಂಬದ್ದು. ಚೀನಾದಲ್ಲಿ ಸಾವಿರ ವರ್ಷದ ಹಿಂದಿನಿಂದ ಸಾಕಿ ಸಾಕಿ ಒರಾಂಡಾದಂಥ ತಳಿಗಳನ್ನು ಮಾಡಿದ್ದಾರೆ. ಅದಕ್ಕೆ ತಂಪು ನೀರು ಇಷ್ಟ, 18ರಿಂದ 23 ಡಿಗ್ರಿ ಆದರೆ ಆರಾಮಾಗಿರುತ್ತದೆ. ಏಂಜಲ್ ಅಮೆಜಾನ್ ಕಡೆಯದು, ಅದಕ್ಕೆ 25ರಿಂದ 28. ಶಿವಮೊಗ್ಗದ ಡಿಸೆಂಬರ್ ಚಳಿಯಲ್ಲಿ ಏಂಜಲ್‌ಗೋಸ್ಕರ ಹೀಟರ್ ಹಾಕಿದರೆ ಗೋಲ್ಡ್‌ಗೆ ಸೆಕೆ, ಹಾಕದಿದ್ದರೆ ಏಂಜಲ್ ಮೂಲೆ ಹಿಡಿದು ಕೂರುತ್ತದೆ. ಇನ್ನೊಂದು ವಿಷಯ, ಒರಾಂಡಾ ಬಹಳ ನಿಧಾನ. ತಲೆ ಮೇಲೆ ಗಂಟು ಬೆಳೆದ ಹಾಗೆಲ್ಲ ಕಣ್ಣೂ ಸರಿಯಾಗಿ ಕಾಣುವುದಿಲ್ಲ. ಊಟ ಹಾಕಿದ ತಕ್ಷಣ ಗಮನಿಸಿ: ಬಾರ್ಬ್ ಮತ್ತು ಶಾರ್ಕ್ ಮೇಲೆ ಬಂದು ಎಲ್ಲ ನುಂಗಿರುತ್ತವೆ, ಒರಾಂಡಾ ಬಂದು ತಲುಪುವಷ್ಟರಲ್ಲಿ ನೀರು ಖಾಲಿ.

ನಿಮಗೆ ಕೊಟ್ಟ ಶಾರ್ಕ್ ನಿಜವಾಗಿ ಶಾರ್ಕ್ ಅಲ್ಲ, ಪಂಗಾಸಿಯಸ್ ಅನ್ನುವ ಕ್ಯಾಟ್‌ಫಿಶ್. ಮೆಕಾಂಗ್ ನದಿಯ ಮೀನು, ಅಲ್ಲಿ ಒಂದು ಮೀಟರ್ ಮೇಲೆ ಬೆಳೆಯುತ್ತದೆ. ಹೋಟೆಲುಗಳಲ್ಲಿ ಬಾಸಾ ಅಂತ ತಟ್ಟೆಗೆ ಬರುವುದು ಇದೇ ಬಳಗ, ಆಂಧ್ರದಲ್ಲಿ ಕೆರೆಗಟ್ಟಲೆ ಸಾಕುತ್ತಾರೆ. ಇದು ಗುಂಪಿನಲ್ಲಿ ಓಡಾಡುವ ಅಂಜುಬುರುಕ ಮೀನು, ಅದಕ್ಕೇ ಗಾಜಿಗೆ ಹೊಡೆದುಕೊಳ್ಳುವುದು. ಮನೆಯ ಯಾವ ಟ್ಯಾಂಕಿಗೂ ಇದು ಆಗಿಬರುವುದಿಲ್ಲ, 2 ಅಡಿಯದಾಗಲಿ 4 ಅಡಿಯದಾಗಲಿ.

ಸಕ್ಕರ್ ಕೂಡ ಒಂದು ಅಡಿ ದಾಟುತ್ತದೆ. ಮರಿಯಾಗಿದ್ದಾಗ ಪಾಚಿ ತಿನ್ನುತ್ತದೆ, ಬೆಳೆದ ಮೇಲೆ ಪಾಚಿಯ ಮೇಲೆ ಆಸಕ್ತಿ ಕಡಿಮೆ. ಗೋಲ್ಡ್ ಫಿಶ್ ಮೈಮೇಲಿನ ಲೋಳೆ ಅದಕ್ಕೆ ಸುಲಭದ ಊಟ. ಆ ಲೋಳೆ ಮೀನಿಗೆ ಚರ್ಮದ ಮೇಲಿನ ಕಾವಲು, ಅದು ಹೋದ ಜಾಗದಲ್ಲಿ ಫಂಗಸ್ ಹಿಡಿಯುತ್ತದೆ. ನೀವು ರಾತ್ರಿ ನೋಡಿದ್ದು ಅದೇ. ಟ್ಯಾಂಕ್ ಕ್ಲೀನ್ ಮಾಡುತ್ತದೆ ಅಂತ ಮಾರುತ್ತಾರೆ, ಆದರೆ ಅದು ಹಾಕುವ ಕಸವೇ ಜಾಸ್ತಿ, ತಳದಲ್ಲಿ ಉದ್ದುದ್ದ ಎಳೆ ಬಿದ್ದಿರುತ್ತದಲ್ಲ, ಅದು ಇದರದ್ದೇ.

ಟೈಗರ್ ಬಾರ್ಬ್ ಕೆಟ್ಟ ಮೀನು ಅಂತಲ್ಲ. ನನಗೆ ತುಂಬಾ ಇಷ್ಟದ ಮೀನು. ಸುಮಾತ್ರಾ, ಬೋರ್ನಿಯೋ ಕಡೆಯ ಹೊಳೆಗಳದು, ಹಿಂಡಿನಲ್ಲಿ ಬದುಕುತ್ತದೆ, ಒಳಗೊಳಗೇ ಯಾರು ಮೇಲು ಯಾರು ಕೆಳಗು ಅಂತ ಅಟ್ಟಾಡಿಸಿಕೊಂಡಿರುತ್ತದೆ. ಎಂಟು ಹತ್ತು ಇದ್ದರೆ ಆ ಆಟ ಅವುಗಳ ಮಧ್ಯೆಯೇ ಮುಗಿಯುತ್ತದೆ. ನಾಲ್ಕೇ ಇದ್ದರೆ ಪಕ್ಕದಲ್ಲಿ ಯಾರ ರೆಕ್ಕೆ ಉದ್ದ ಇದೆಯೋ ಅವರ ಮೇಲೆ ಬೀಳುತ್ತವೆ. ಆದರೆ ನಾಳೆಯೇ ಹೋಗಿ ಇನ್ನೂ ಆರು ತರಬೇಡಿ, ಈ ಟ್ಯಾಂಕಿನಲ್ಲಿ ಜಾಗವಿಲ್ಲ.

ಜಾಗದ ಲೆಕ್ಕ: 2 ಘನ ಅಡಿ ಅಂದರೆ ಸುಮಾರು 56 ಲೀಟರ್. ಜಲ್ಲಿ, ಕಲ್ಲು, ಮೇಲೆ ಬಿಟ್ಟ ಖಾಲಿ ಜಾಗ ಕಳೆದರೆ 45 ಲೀಟರ್ ಉಳಿಯಬಹುದು. ಎರಡು ಒರಾಂಡಾಗೇ ಅದು ಸಾಲದು.


ಹಸಿರುನೀರು, ಮೈಸೂರು:

ನೀರು ಮಂಜಾಗುವುದರ ಬಗ್ಗೆ ನಾನು ಹೇಳುತ್ತೇನೆ, ಯಾಕೆಂದರೆ ಜಗಳಕ್ಕಿಂತ ಬೇಗ ಮೀನು ಸಾಯುವುದು ಅದರಿಂದ.

ಮೀನಿನ ಹೇಲು, ಉಳಿದ ಊಟ ಎಲ್ಲ ಕೊಳೆತು ಅಮೋನಿಯಾ ಆಗುತ್ತದೆ. ಫಿಲ್ಟರ್ ಸ್ಪಂಜಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಆಮೇಲೆ ಬೇರೆ ಬ್ಯಾಕ್ಟೀರಿಯಾ ಅದನ್ನು ನೈಟ್ರೇಟ್ ಮಾಡುತ್ತವೆ. ಮೊದಲ ಎರಡೂ ವಿಷ, ನೈಟ್ರೇಟ್ ಸ್ವಲ್ಪ ಇದ್ದರೆ ಪರವಾಗಿಲ್ಲ. ಹೊಸ ಟ್ಯಾಂಕಿನಲ್ಲಿ ಈ ಬ್ಯಾಕ್ಟೀರಿಯಾ ನೆಲೆಯೂರಲು 4ರಿಂದ 6 ವಾರ ಬೇಕು. ನೀವು ಪ್ರತಿ ಸಲ ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಸ್ಪಂಜನ್ನು ನಲ್ಲಿ ಕೆಳಗೆ ಹಿಂಡಿ ತೊಳೆಯುತ್ತಿದ್ದರೆ, ಕ್ಲೋರಿನ್ ತಾಗಿ ಆ ಬ್ಯಾಕ್ಟೀರಿಯಾ ಸಾಯುತ್ತವೆ, ಕಥೆ ಮತ್ತೆ ಮೊದಲಿನಿಂದ ಶುರು. ಹಾಲಿನ ಹಾಗೆ ಕಾಣುವುದು ನೀರಿನಲ್ಲಿ ತೇಲುವ ಬೇರೆ ಬ್ಯಾಕ್ಟೀರಿಯಾ ಒಮ್ಮೆಲೇ ಹೆಚ್ಚಾದಾಗ.

ಹಾಗಾಗಿ ಪೂರ್ತಿ ನೀರು ತೆಗೆಯಬೇಡಿ. ಸದ್ಯಕ್ಕೆ ದಿನ ಬಿಟ್ಟು ದಿನ ಕಾಲು ಭಾಗ ಮಾತ್ರ ಬದಲಿಸಿ. ತೆಗೆದ ನೀರು ಬಕೆಟ್‌ನಲ್ಲಿ ಇರುತ್ತದಲ್ಲ, ಅದರಲ್ಲೇ ಸ್ಪಂಜ್ ಅದ್ದಿ ಎರಡು ಸಲ ಹಿಂಡಿ ವಾಪಸ್ ಹಾಕಿ. ಕಂದು ಬಣ್ಣ ಉಳಿದರೆ ಉಳಿಯಲಿ, ಅದೇ ಬೇಕಾಗಿರುವುದು. ನಲ್ಲಿ ನೀರಿಗೆ ಆಂಟಿ ಕ್ಲೋರಿನ್ ಹನಿ ಹಾಕಿ, ಇಲ್ಲವಾದರೆ ಅಗಲ ಬಾಯಿಯ ಟಬ್‌ನಲ್ಲಿ ಒಂದು ದಿನ ತೆರೆದಿಟ್ಟು ಬಳಸಿ. ಊಟ ದಿನಕ್ಕೆ ಒಂದೇ ಹೊತ್ತು, ಎರಡು ನಿಮಿಷದಲ್ಲಿ ಮುಗಿಯುವಷ್ಟು. ಮಗಳಿಗೆ ಇದನ್ನು ಕೂರಿಸಿಕೊಂಡು ಹೇಳಿ, ಮಕ್ಕಳು ಪ್ರೀತಿಯಿಂದಲೇ ಜಾಸ್ತಿ ಹಾಕುತ್ತಾರೆ.

ಸಾಧ್ಯವಾದರೆ ಅಮೋನಿಯಾ ಟೆಸ್ಟ್ ಕಿಟ್ ತರಿಸಿ. ಸೊನ್ನೆ ಇರಬೇಕು. ಮೀನು ಮೇಲ್ಮಟ್ಟಕ್ಕೆ ಬಂದು ಬಾಯಿ ಬಿಡುತ್ತಿದ್ದರೆ ಅಥವಾ ಕಿವಿರು ಕೆಂಪಾಗಿದ್ದರೆ ಟೆಸ್ಟ್‌ಗೆ ಕಾಯಬೇಡಿ, ಆಗಲೇ ನೀರು ಬದಲಿಸಿ.


ಕಡಲತಡಿ, ಉಡುಪಿ:

ಗಾಜಿನಮನೆಯವರು ಹೇಳಿದ್ದು ಬಹುಪಾಲು ಒಪ್ಪುತ್ತೇನೆ. ಒಂದು ಮಾತು ಸೇರಿಸಬೇಕು. ಟೈಗರ್ ಬಾರ್ಬ್ ದೊಡ್ಡ ಹಿಂಡಾಗಿದ್ದರೆ ಕಚ್ಚುವುದಿಲ್ಲ ಅಂತ ನಂಬಿ ಏಂಜಲ್ ಜೊತೆ ಇಡಲು ಯಾರೂ ಹೋಗಬೇಡಿ. 4 ಅಡಿ ಟ್ಯಾಂಕಿನಲ್ಲಿ ಹತ್ತು ಹನ್ನೆರಡು ಬಾರ್ಬ್ ಇದ್ದೂ ಏಂಜಲ್‌ನ ರೆಕ್ಕೆ ಹೋಗಿದ್ದನ್ನು ಗೆಳೆಯರ ಮನೆಯಲ್ಲಿ ನೋಡಿದ್ದೇನೆ. ಹಿಂಡು ದೊಡ್ಡದಾದರೆ ಕಚ್ಚುವುದು ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಉದ್ದ ರೆಕ್ಕೆಯ ಮೀನಿನ ಜೊತೆ ಬಾರ್ಬ್ ಬೇಡ, ಅಷ್ಟೇ. ಬಣ್ಣ ಬಣ್ಣದ ವಿಡೋ ಟೆಟ್ರಾ ಅಂಗಡಿಯಲ್ಲಿ ಮುದ್ದಾಗಿ ಕಾಣುತ್ತವೆ, ಅವೂ ಕಚ್ಚುವ ಜಾತಿಯೇ.

ಹೊಳೆಗೆ ಬಿಡುವ ವಿಚಾರ. ದಯವಿಟ್ಟು ಬಿಡಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಲದು. ಸಕ್ಕರ್ ದಕ್ಷಿಣ ಅಮೆರಿಕದ ಮೀನು, ಮೈತುಂಬಾ ಗಟ್ಟಿ ಕವಚ, ರೆಕ್ಕೆಯಲ್ಲಿ ಮುಳ್ಳು. ನಮ್ಮ ಮೀನುಗಳಲ್ಲಿ ಅದನ್ನು ತಿನ್ನುವಂಥದ್ದು ಕಡಿಮೆ. ಮನೆ ಟ್ಯಾಂಕುಗಳಿಂದ ಹೊರಬಿದ್ದ ಈ ಮೀನು ಈಗ ಕೇರಳ, ತಮಿಳುನಾಡು, ಆಂಧ್ರದ ಕೆರೆ ಹೊಳೆಗಳಲ್ಲಿ ತಾನೇ ಮರಿಮಾಡಿಕೊಂಡು ತುಂಬಿದೆ, ಆಂಧ್ರದ ಮೀನುಗಾರರು ಇದನ್ನು ದೆವ್ವದ ಮೀನು ಅಂತಲೇ ಕರೆಯುತ್ತಾರೆ, ಬಲೆಗೆ ಬಿದ್ದರೆ ಬಲೆಯೇ ಹರಿಯುತ್ತದೆ. ಮೊಟ್ಟೆ ಇಡಲು ದಡದ ಮಣ್ಣಿನಲ್ಲಿ ಬಿಲ ಕೊರೆಯುತ್ತದೆ, ದಂಡೆ ಕುಸಿಯುತ್ತದೆ.

ನೀವು ಶಿವಮೊಗ್ಗದಲ್ಲಿ ಬಿಟ್ಟದ್ದು ಅಲ್ಲೇ ನಿಲ್ಲುವುದಿಲ್ಲ. ಕೂಡ್ಲಿಯಲ್ಲಿ ಭದ್ರೆ ಸೇರುತ್ತಾಳೆ, ಅಲ್ಲಿಂದ ತುಂಗಭದ್ರಾ ಜಲಾಶಯದವರೆಗೆ ದಾರಿ ತೆರೆದೇ ಇದೆ. ಮೀನಿನ ಜೊತೆ ಅದರ ಮೈಯಲ್ಲಿರುವ ಪರಾವಲಂಬಿಗಳೂ ಹೋಗುತ್ತವೆ. ಅತ್ತೆಯವರಿಗೆ ಹೀಗೆ ಹೇಳಿ ನೋಡಿ: ಶೃಂಗೇರಿಯಲ್ಲಿ ದೇವಸ್ಥಾನದ ಮೆಟ್ಟಿಲ ಕೆಳಗೆ ಮಂಡಕ್ಕಿಗೆ ಬಾಯಿ ತೆರೆದು ಬರುವ ಮೀನುಗಳಿವೆಯಲ್ಲ, ಅವೂ ಇದೇ ತುಂಗೆಯವು. ಅಂಥ ಮೀನುಗಳ ಹೊಳೆಗೆ ಇದನ್ನು ಬಿಟ್ಟರೆ ಪುಣ್ಯ ಹೇಗೆ ಬಂದೀತು? ಹಿರಿಯರಿಗೆ ಇದು ಅರ್ಥವಾಗುತ್ತದೆ, ನಮ್ಮ ಮನೆಯಲ್ಲಿ ಅಮ್ಮನಿಗೆ ಆಯಿತು. ದೇವಸ್ಥಾನದ ಕಲ್ಯಾಣಿಗೂ ಬೇಡ, ಊರ ಕೆರೆಗೂ ಬೇಡ. ಅಂಗಡಿಗೆ ವಾಪಸ್ ಕೊಡಿ, ದುಡ್ಡು ಕೊಡದಿದ್ದರೂ ಪರವಾಗಿಲ್ಲ.

ಇನ್ನೊಂದು, ತುಂಗೆಯ ನೀರು ಮೃದು, ಅಂದರೆ ಕರಗಿದ ಲವಣ ಕಡಿಮೆ. ಅದು ನಿಮಗೆ ಸಿಕ್ಕಿರುವ ದೊಡ್ಡ ಅನುಕೂಲ. ಗಪ್ಪಿ, ಮಾಲಿ ಗಡಸು ನೀರು ಬಯಸುವಂಥವು, ಬೋರ್‌ವೆಲ್ ನೀರಿನ ಊರುಗಳಲ್ಲಿ ಅವು ಚೆನ್ನಾಗಿ ಬರುತ್ತವೆ. ನಿಮ್ಮಲ್ಲಿ ಬಾರ್ಬ್, ಟೆಟ್ರಾ ಚೆನ್ನಾಗಿ ಬರುತ್ತವೆ. ನಾನು ಹೆಚ್ಚಾಗಿ ಸಾಕುವುದು ನಮ್ಮ ಘಟ್ಟದ ಮೀನುಗಳನ್ನೇ. ಮೆಲನ್ ಬಾರ್ಬ್ ನೋಡಿದ್ದೀರಾ? ಎರಡೂವರೆ ಇಂಚಿನ ಮೀನು. ಗಂಡು ಬೆದೆಗೆ ಬಂದಾಗ ಮೈಯೆಲ್ಲ ಮಾಗಿದ ಹಣ್ಣಿನ ಕೆಂಪು, ಮೇಲೆ ಕಪ್ಪು ಪಟ್ಟೆ. ಬೆಳಗ್ಗೆ ಕಿಟಕಿ ಬೆಳಕು ಬಿದ್ದಾಗ ಎರಡು ಗಂಡು ಎದುರುಬದುರು ನಿಂತು ರೆಕ್ಕೆ ಬಿಚ್ಚಿ ನಡುಗಿಸುತ್ತವೆ, ಕಚ್ಚುವುದಿಲ್ಲ, ಸುಮ್ನೆ ತೋರಿಸಿಕೊಳ್ಳುತ್ತವೆ ಅಷ್ಟೇ. ಪರದೇಶದ ಯಾವ ಮೀನಿಗೂ ಇದು ಕಡಿಮೆ ಇಲ್ಲ ಅನ್ನುವುದು ನನ್ನ ಅಭಿಪ್ರಾಯ.

ಆದರೆ ಮಿಸ್ ಕೇರಳ ಬೇಡ. ಆ ಕೆಂಪು ಗೆರೆಯ ಮೀನು ಎಲ್ಲರಿಗೂ ಇಷ್ಟ. ಅದು ಅರ್ಧ ಅಡಿಯ ಹತ್ತಿರ ಬೆಳೆಯುತ್ತದೆ, ಹಿಂಡು ಬೇಕು, ಓಡುವ ತಂಪು ನೀರು ಬೇಕು, 4 ಅಡಿಗಿಂತ ಚಿಕ್ಕ ಟ್ಯಾಂಕ್ ಸಾಲದು. ಕಾಡಿನ ಹೊಳೆಗಳಿಂದ ಹಿಡಿದು ಹಿಡಿದು ಈಗ ಅಳಿವಿನಂಚಿನ ಪಟ್ಟಿಗೆ ಸೇರಿದೆ. ಸಾಕುವವರು ಮನೆಯಲ್ಲೇ ಮರಿಮಾಡಿಸಿದ್ದನ್ನು ಮಾತ್ರ ಕೇಳಿ ತನ್ನಿ. ಹಾಗೆಯೇ ಹಳದಿ ಗುಂಡು ಪಫರ್ ಕೂಡ ನಮ್ಮ ಘಟ್ಟದ್ದೇ, ಒಂದಿಂಚಿನ ಆಸುಪಾಸು ಅಷ್ಟೇ, ಆದರೆ ಜೊತೆಯ ಮೀನಿನ ಬಾಲ ಉಳಿಸುವುದಿಲ್ಲ. ಅದಕ್ಕೆ ಬೇರೆ ಟ್ಯಾಂಕೇ ಬೇಕು.


ತುಂಗೆದಂಡೆ, ಶಿವಮೊಗ್ಗ:

ಎಲ್ಲರಿಗೂ ತುಂಬಾ ಧನ್ಯವಾದ. ಜಾಲರಿ ಹಾಕಿದೆ. ಏಂಜಲ್ ಈಗ ಗಿಡದ ಹಿಂದಿನಿಂದ ಹೊರಗೆ ಬಂದಿದೆ, ಊಟವನ್ನೂ ತಿಂದಿತು. ಅಂಗಡಿಯವರ ಹತ್ತಿರ ಮಾತಾಡಿದೆ, ಬಾರ್ಬ್, ಶಾರ್ಕ್, ಸಕ್ಕರ್ ಮೂರನ್ನೂ ವಾಪಸ್ ತೆಗೆದುಕೊಳ್ಳುತ್ತಾರಂತೆ. ಅತ್ತೆಗೆ ಶೃಂಗೇರಿ ಮೀನಿನ ವಿಷಯ ಹೇಳಿದ ಮೇಲೆ ಅವರೇ ಹೊಳೆಗೆ ಬೇಡ ಅಂದರು.

ಈಗ ಉಳಿಯುವುದು ಗೋಲ್ಡ್ ಎರಡು, ಏಂಜಲ್ ಎರಡು. ಇವೆರಡೂ ಜಗಳವಾಡುವುದಿಲ್ಲ. ಹೀಗೇ ಇಡಬಹುದಾ? ಮನೆಯಲ್ಲಿ 3 ಅಡಿ ಟ್ಯಾಂಕ್ ಇಡಲು ಜಾಗ ಇದೆ, ಒಂದೆರಡು ತಿಂಗಳಲ್ಲಿ ತರಬಹುದು. ಆಗ ಏನೇನು ಎಲ್ಲೆಲ್ಲಿ ಇಡುವುದು? ಕಚ್ಚಿಹೋದ ರೆಕ್ಕೆ ಮತ್ತೆ ಬೆಳೆಯುತ್ತದಾ? ಏಂಜಲ್ ಜೊತೆ ನಿಯಾನ್ ಟೆಟ್ರಾ ಹಾಕಬೇಕು ಅಂತ ಮಗಳ ಆಸೆ.


ಗಾಜಿನಮನೆ, ಬೆಂಗಳೂರು:

ಒಳ್ಳೆಯ ಸುದ್ದಿ. ಆದರೆ ಗೋಲ್ಡ್ ಮತ್ತು ಏಂಜಲ್ ಜೊತೆಗೆ ಬೇಡ. ಈಗ ಸುಮ್ಮನಿವೆ ಅಂದರೆ ಎರಡೂ ಚಿಕ್ಕವು ಅಂತ ಅರ್ಥ. ಏಂಜಲ್ ಸಿಕ್ಲಿಡ್ ಅನ್ನುವ ಬಳಗದ ಮೀನು, ಬೆಳೆದು ಜೋಡಿ ಕೂಡಿ ಮೊಟ್ಟೆ ಇಟ್ಟಿತೋ ಆ ಮೂಲೆಗೆ ಯಾರನ್ನೂ ಬಿಟ್ಟುಕೊಳ್ಳುವುದಿಲ್ಲ, ಒರಾಂಡಾಗೆ ಓಡಲೂ ಆಗುವುದಿಲ್ಲ. ಬಿಸಿ ನೀರು ತಂಪು ನೀರಿನ ವಿಷಯ ಮೊದಲೇ ಹೇಳಿದ್ದೇನೆ.

ನಾನಾದರೆ ಹೀಗೆ ಮಾಡುತ್ತೇನೆ. ಹೊಸ 3 ಅಡಿಯ ಟ್ಯಾಂಕ್ ಗೋಲ್ಡ್‌ಗೆ. ಅಗಲ, ಎತ್ತರ ಒಂದೂವರೆ ಅಡಿ ಮಾಡಿಸಿ, ಆಗ ಸುಮಾರು 190 ಲೀಟರ್ ಬರುತ್ತದೆ. ಎರಡು ಒರಾಂಡಾ, ಬೇಕಾದರೆ ಇನ್ನೊಂದು, ಬೇರೇನೂ ಬೇಡ. ಹೀಟರ್ ಬೇಕಿಲ್ಲ, ಫಿಲ್ಟರ್ ಮಾತ್ರ ದೊಡ್ಡದು ಹಾಕಿ. ತಳಕ್ಕೆ ದಪ್ಪ ಜಲ್ಲಿ ಹಾಕಬೇಡಿ, ಗೋಲ್ಡ್ ಫಿಶ್ ದಿನವಿಡೀ ಕಲ್ಲು ಬಾಯಿಗೆ ಹಾಕಿ ಉಗುಳುತ್ತದೆ, ಒಮ್ಮೊಮ್ಮೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ತೆಳು ಮರಳು ಸಾಕು.

ಏಂಜಲ್ ಅನ್ನು ಯಾರಾದರೂ ಎತ್ತರದ ಟ್ಯಾಂಕ್ ಇರುವವರಿಗೆ ಕೊಡಿ. ಇದು ಬೇಜಾರಿನ ಮಾತು ಅಂತ ಗೊತ್ತು. ಆದರೆ ನಿಮ್ಮ 1 ಅಡಿ ಎತ್ತರದಲ್ಲಿ ಜಲ್ಲಿ ಎರಡು ಇಂಚು, ಮೇಲೆ ಖಾಲಿ ಒಂದು ಇಂಚು ಕಳೆದರೆ ನೀರು ಒಂಬತ್ತು ಇಂಚು. ಬೆಳೆದ ಏಂಜಲ್ ಮೇಲಿನ ರೆಕ್ಕೆಯ ತುದಿಯಿಂದ ಕೆಳಗಿನ ತುದಿಗೆ ಎಂಟು ಇಂಚು ಇರುತ್ತದೆ. ತಿರುಗಲೂ ಆಗುವುದಿಲ್ಲ, ರೆಕ್ಕೆ ಸೊಟ್ಟ ಬೆಳೆಯುತ್ತದೆ. ಮಗಳು ಏಂಜಲ್ಲೇ ಬೇಕು ಅಂದರೆ ಉಲ್ಟಾ ಮಾಡಿ, 3 ಅಡಿ ಏಂಜಲ್‌ಗೆ, ಗೋಲ್ಡ್ ಬೇರೆಯವರಿಗೆ. ಎರಡನ್ನೂ ಉಳಿಸಿಕೊಳ್ಳಲು ಎರಡು ದೊಡ್ಡ ಟ್ಯಾಂಕ್ ಬೇಕು. ನಿಯಾನ್ ವಿಷಯಕ್ಕೆ ಬಂದರೆ, ಏಂಜಲ್ ಬೆಳೆದ ಮೇಲೆ ನಿಯಾನ್ ಅದರ ಬಾಯಿಗೆ ಸರಿಯಾಗಿ ಹಿಡಿಸುತ್ತದೆ. ಬೆಳಗ್ಗೆ ಎದ್ದು ಎಣಿಸಿದಾಗ ಒಂದೊಂದೇ ಕಡಿಮೆಯಾಗುತ್ತಿರುತ್ತದೆ, ಮಗಳಿಗೆ ಅದನ್ನು ನೋಡುವ ಕಷ್ಟ ಬೇಡ.

ಖಾಲಿಯಾಗುವ 2 ಅಡಿ ಟ್ಯಾಂಕಿನಲ್ಲಿ ಆ ನಿಯಾನ್ ಆಸೆ ತೀರಿಸಬಹುದು. ನಿಯಾನ್ ಎಂಟು, ತಳದಲ್ಲಿ ಓಡಾಡಲು ಕೋರಿಡೋರಾಸ್ ಐದು. ಅಷ್ಟೇ, ಟ್ಯಾಂಕ್ ತುಂಬಿತು. ನಿಯಾನ್ ಮಧ್ಯದ ನೀರಿನಲ್ಲಿ ಇರುತ್ತದೆ, ಕೋರಿ ಕೆಳಗೆ ಮೀಸೆಯಿಂದ ಮರಳು ಕೆದಕುತ್ತಿರುತ್ತದೆ, ಒಂದರ ದಾರಿಗೆ ಇನ್ನೊಂದು ಬರುವುದಿಲ್ಲ. ಇದಕ್ಕೆ ಚಳಿಗಾಲದಲ್ಲಿ ಚಿಕ್ಕ ಹೀಟರ್ 24 ಡಿಗ್ರಿಗೆ ಇಟ್ಟರೆ ಸಾಕು. ಮೃದು ನೀರಿನ ಮೀನುಗಳು, ತುಂಗೆ ನೀರು ಹೇಳಿ ಮಾಡಿಸಿದ ಹಾಗೆ. ನನ್ನ ಬೋರ್‌ವೆಲ್ ನೀರಿನ ಟಿಡಿಎಸ್, ಅಂದರೆ ಕರಗಿದ ಲವಣಗಳ ಅಳತೆ, 600 ದಾಟುತ್ತದೆ, ನಾನು ಆರ್‌ಒ ನೀರು ಬೆರೆಸಿಕೊಂಡು ನಿಯಾನ್ ಸಾಕಬೇಕು.


ಕಡಲತಡಿ, ಉಡುಪಿ:

ಅಥವಾ ನಿಯಾನ್ ಬದಲು ಚೆರ್ರಿ ಬಾರ್ಬ್. ಶ್ರೀಲಂಕಾದ್ದು, ಎರಡು ಇಂಚು, ಬಾರ್ಬ್ ಅಂತ ಹೆಸರಿದ್ದರೂ ಯಾರ ತಂಟೆಗೂ ಹೋಗುವುದಿಲ್ಲ. ನಿಯಾನ್‌ಗಿಂತ ಗಟ್ಟಿ ಮೀನು, ಮೊದಲ ಸಲ ಸಾಕುವವರಿಗೆ ಒಳ್ಳೆಯದು. ಆರರಲ್ಲಿ ಗಂಡು ಎರಡು, ಉಳಿದದ್ದು ಹೆಣ್ಣು ಇರುವ ಹಾಗೆ ಆರಿಸಿ.

ಏನೇ ತಂದರೂ ನೇರವಾಗಿ ಟ್ಯಾಂಕಿಗೆ ಹಾಕಬೇಡಿ. ಒಂದು ಟಬ್ಬು, ಒಂದು ಚಿಕ್ಕ ಸ್ಪಂಜ್ ಫಿಲ್ಟರ್, ಅದರಲ್ಲಿ ಎರಡು ಮೂರು ವಾರ ಬೇರೆ ಇಟ್ಟು ನೋಡಿ. ಮೈಮೇಲೆ ರವೆ ಚೆಲ್ಲಿದ ಹಾಗೆ ಬಿಳಿ ಚುಕ್ಕೆ ಬಂದರೆ ಅಲ್ಲೇ ಗೊತ್ತಾಗುತ್ತದೆ, ಹಳೆಯ ಮೀನುಗಳಿಗೆ ಹರಡುವುದಿಲ್ಲ.


ಗಾಜಿನಮನೆ, ಬೆಂಗಳೂರು:

ಚೆರ್ರಿ ಬಾರ್ಬ್‌ಗೆ ನನ್ನದೂ ಒಪ್ಪಿಗೆ, ನಿಯಾನ್‌ಗಿಂತ ಅದೇ ಮೊದಲು.

ರೆಕ್ಕೆಯ ಬಗ್ಗೆ ಹೇಳುವುದು ಮರೆತಿದ್ದೆ. ಅಂಚು ಹರಿದಿದ್ದರೆ ಬೆಳೆಯುತ್ತದೆ. ಒರಾಂಡಾ ಬಾಲ ನೀರು ಶುದ್ಧವಾಗಿದ್ದರೆ ಕೆಲವು ವಾರಗಳಲ್ಲಿ ಸರಿಹೋಗುತ್ತದೆ, ಹೊಸದಾಗಿ ಬರುವ ಭಾಗ ಮೊದಲು ಗಾಜಿನ ಹಾಗೆ ಪಾರದರ್ಶಕವಾಗಿ ಕಾಣುತ್ತದೆ, ಗಾಬರಿಯಾಗಬೇಡಿ. ಏಂಜಲ್‌ನಲ್ಲಿ ಅರ್ಧ ತುಂಡಾದದ್ದು ಬರುತ್ತದೆ. ಬುಡದವರೆಗೂ ಹೋಗಿದ್ದರೆ ಬರುವುದು ಕಷ್ಟ, ಆದರೂ ಅದು ಬದುಕುವುದಕ್ಕೆ ತೊಂದರೆ ಇಲ್ಲ. ಗಾಯದ ಅಂಚಿನಲ್ಲಿ ಬಿಳಿ ಹತ್ತಿಯ ತರಹ ಏನಾದರೂ ಕಂಡರೆ ಹತ್ತಿರದಿಂದ ಫೋಟೋ ತೆಗೆದು ಇಲ್ಲಿ ಹಾಕಿ, ನೋಡಿ ಹೇಳುತ್ತೇವೆ. ಅಲ್ಲಿಯವರೆಗೆ ಅಂಗಡಿಯವರು ಕೊಡುವ ನೀಲಿ ಔಷಧಿ, ಹಳದಿ ಔಷಧಿ ಯಾವುದನ್ನೂ ಸುಮ್ನೆ ಹಾಕಬೇಡಿ, ಅದರಲ್ಲಿ ಕೆಲವು ಫಿಲ್ಟರಿನ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತವೆ.